ಇಪ್ಪತ್ತನಾಲ್ಕು ಹಿಡಿ ತೆನೆ

ನನ್ನ ಮಾವ ಸತ್ಯಪ್ರಕಾಶರು ನಂಜನಗೂಡಿನ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಮೂವತ್ತನಾಲ್ಕು ವರ್ಷ ಜಡ್ಜುಗಳ ಪೀಠದ ಕೆಳಗೆ ಕೂತು ಕಡತ ಕಟ್ಟಿದವರು, ತೀರ್ಪಿನ ನಕಲಿನಲ್ಲಿ ಒಂದಕ್ಷರ ಆಚೀಚೆಯಾದರೂ ಗುಮಾಸ್ತರ ನೀರಿಳಿಸಿದವರು. ೨೦೨೦ರ ಫೆಬ್ರವರಿಯಲ್ಲಿ ಮೂರು ತಿಂಗಳಿದ್ದು ಹೋಗುತ್ತೇನೆಂದು ನಮ್ಮನ್ನು ನೋಡಲು ಐರ್ಲೆಂಡಿನ ಡಬ್ಲಿನ್ನಿಗೆ ಬಂದರು. ಮಾರ್ಚಿನಲ್ಲಿ ವಿಮಾನಗಳು ನಿಂತವು. ಆಮೇಲೆ ಇಲ್ಲಿನ ಸರ್ಕಾರ ಯಾರೂ ಕೇಳದಿದ್ದರೂ ಅವರ ವೀಸಾವನ್ನು ಎರಡು ತಿಂಗಳು, ಮತ್ತೆರಡು ತಿಂಗಳು ಎಂದು ಮುಂದಕ್ಕೆ ಹಾಕುತ್ತಾ ಹೋಯಿತು. ಪ್ರತಿ ಸಲವೂ ಮಾವ ಕನ್ನಡಕ ತೆಗೆದು ಒರೆಸಿಕೊಂಡು, "ಮತ್ತೆ ವಾಯಿದೆ ಬಿತ್ತು" ಎನ್ನುತ್ತಿದ್ದರು.

ಡಬ್ಲಿನ್ನಿನ ಸ್ಯಾಂಟ್ರಿ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಎರಡು ಕೋಣೆ. ಒಂದನ್ನು ನನ್ನ ಗಂಡ ಗುರುಪ್ರಸಾದ ಮೀಟಿಂಗುಗಳಿಗೆ ಅಂತ ಆಕ್ರಮಿಸಿಕೊಂಡಿದ್ದ. ಆಫೀಸು ಐದು ನಿಮಿಷದ ನಡಿಗೆಯಲ್ಲಿತ್ತು, ಆದರೆ ಬೀಗ ಹಾಕಿತ್ತು. ಊಟದ ಮೇಜು ನನ್ನದು. ಸೋಫಾ ಮಾವನವರದು. ಐದು ಕಿಲೋಮೀಟರ್ ದಾಟಿ ಹೋಗುವಂತಿರಲಿಲ್ಲ, ಯಾರ ಮನೆಯೊಳಗೂ ಯಾರೂ ಬರುವಂತಿರಲಿಲ್ಲ. ಮೂರು ಜನ ಮೂರು ಹೊತ್ತೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದೆವು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ವರ್ಷ ಅದು ಮೂಗು ಬಿಟ್ಟು ಇಳಿಯಲೇ ಇಲ್ಲ.

ನನ್ನ ಕೆಲಸ ಸ್ವೀಡಿಷ್ ಭಾಷೆಯ ಕೋರ್ಟು ಕಾಗದಗಳನ್ನು ಇಂಗ್ಲಿಷಿಗೆ ಮಾಡುವುದು. ಗುರುಪ್ರಸಾದನ ನೌಕರಿಯ ದೆಸೆಯಿಂದ ಏಳು ವರ್ಷ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿದ್ದೆವು. ಅಲ್ಲಿಯ ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆಗೆ ಕತ್ತಲಾಗುತ್ತದೆ. ಆ ಕತ್ತಲೆಯಲ್ಲಿ ಕೂತು ಏನು ಮಾಡುವುದು ಅಂತ ಭಾಷೆ ಕಲಿತೆ, ಪರೀಕ್ಷೆ ಬರೆದೆ, ಮೊಹರು ಸಂಪಾದಿಸಿದೆ. ಪ್ರತಿ ಪುಟದ ಕೆಳಗೆ "ಇದು ಮೂಲಕ್ಕೆ ನಿಷ್ಠವಾದ ಸಂಪೂರ್ಣ ಅನುವಾದ" ಎಂಬ ಸಾಲಿನ ಮೇಲೆ ಆ ಮೊಹರು ಬೀಳಬೇಕು. ಮೊಹರು ಬಿದ್ದ ಮೇಲೆ ತಪ್ಪು ನನ್ನದು.

ಕಳ್ಳತನಕ್ಕೆ ಎಲ್ಲ ಭಾಷೆಯಲ್ಲೂ ಹೆಸರಿದೆ. ಕಷ್ಟ ಇರುವುದು ಶಿಕ್ಷೆಯಲ್ಲಿ. ಒಂದು ದೇಶ ಕಂಡುಹಿಡಿದ ಶಿಕ್ಷೆ ಇನ್ನೊಂದು ದೇಶದಲ್ಲಿ ಇರುವುದೇ ಇಲ್ಲ. ಸ್ವೀಡಿಷ್ ಶಿಕ್ಷೆಗೆ ಭಾರದ ಇಂಗ್ಲಿಷ್ ಪದ ಹಾಕಿದರೆ ಪಾಪದವನು ಪಾತಕಿಯಾಗುತ್ತಾನೆ, ಹಗುರದ್ದು ಹಾಕಿದರೆ ಪಾತಕಿ ಪಾಪದವನಾಗುತ್ತಾನೆ. ಲಾಕ್‌ಡೌನಿನಲ್ಲಿ ಇದಕ್ಕೆ ನಾನೊಂದು ಉಪಾಯ ಮಾಡಿಕೊಂಡೆ. ಶಿಕ್ಷೆ ಏನೆಂದು ಮಾವನವರಿಗೆ ಕನ್ನಡದಲ್ಲಿ ವಿವರಿಸುವುದು. ಅವರು ಹುಬ್ಬು ಏರಿಸಿದರೆ ಭಾರ, ತುಟಿ ಕೊಂಕಿಸಿದರೆ ಹಗುರ. ನಾನು ಆರಿಸಿದ ಇಂಗ್ಲಿಷ್ ಪದ ಅವರ ಮುಖಕ್ಕೆ ಹೊಂದದಿದ್ದರೆ ಬೇರೆ ಹುಡುಕುತ್ತಿದ್ದೆ. ಆಮೇಲೆ ಅವರೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವುದೇ ಶಿಕ್ಷೆಯನ್ನು ಮನೆಯಲ್ಲಿ ಪ್ರಯೋಗಿಸಿ ನೋಡದೆ ಅದರ ತೂಕ ತಿಳಿಯುವುದಿಲ್ಲ ಎಂದು ವಿಧಿಸಿದರು. ಹೀಗಾಗಿ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಸ್ವೀಡನ್ನಿನ ಶಿಕ್ಷೆಗಳ ಪಟ್ಟಿ ಅಂಟಿಕೊಂಡಿತು.

ಅದರಲ್ಲಿ ಮಾವನವರಿಗೆ ಪ್ರಿಯವಾದದ್ದು ದಿನದಂಡ. ಇಷ್ಟು ದಿನದ ದಂಡ ಎಂದು ಕೋರ್ಟು ತಪ್ಪಿನ ಭಾರ ನೋಡಿ ಹೇಳುತ್ತದೆ. ಒಂದು ದಿನಕ್ಕೆ ಎಷ್ಟು ಎನ್ನುವುದು ತಪ್ಪು ಮಾಡಿದವನ ವರಮಾನದ ಮೇಲೆ ಹೋಗುತ್ತದೆ. ಒಂದೇ ತಪ್ಪಿಗೆ ಸಾಹುಕಾರನಿಗೆ ಜಾಸ್ತಿ, ಬಡವನಿಗೆ ಕಡಿಮೆ. ಮಾವ ಇದನ್ನು ಕೇಳಿದ ದಿನ ಮೂವತ್ತನಾಲ್ಕು ವರ್ಷ ಎಂಥಾ ಕೋರ್ಟಿನಲ್ಲಿ ದುಡಿದೆನಪ್ಪಾ ಎಂದು ನಿಟ್ಟುಸಿರು ಬಿಟ್ಟು, ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಬಿಸಾಡಿದ್ದ ಮಗನಿಗೆ ಕೂಡಲೇ ಐದು ದಿನದಂಡ ಹಾಕಿದರು. ಮನೆಯಲ್ಲಿ ದೊಡ್ಡ ಸಂಬಳ ಅವನದ್ದಾದ್ದರಿಂದ ದಿನಕ್ಕೆ ಎರಡೂ ಹೊತ್ತಿನ ಪಾತ್ರೆ. ಗುರುಪ್ರಸಾದ ಐದು ದಿನ ಹೆಡ್‌ಫೋನ್ ಹಾಕಿಕೊಂಡೇ ತೊಳೆದ.

ಅವರಿಗೆ ಕಿಂಚಿತ್ತೂ ಹಿಡಿಸದಿದ್ದದ್ದು ವಿಲ್‌ಕೋರ್ಲಿಗ್ ದೊಮ್. ಕನ್ನಡದಲ್ಲಿ ಹೇಳುವುದಾದರೆ ಷರತ್ತಿನ ಶಿಕ್ಷೆ. ತಪ್ಪು ಸಾಬೀತಾಗಿದೆ ಎನ್ನುತ್ತಾರೆ, ಎರಡು ವರ್ಷ ಸರಿಯಾಗಿರು ಎನ್ನುತ್ತಾರೆ, ಮನೆಗೆ ಕಳಿಸುತ್ತಾರೆ. ಜೈಲಿಲ್ಲ, ಮೇಲೊಬ್ಬ ಅಧಿಕಾರಿಯ ಕಾವಲಿಲ್ಲ, ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕುವುದೂ ಇಲ್ಲ.

"ಇದನ್ನ ಶಿಕ್ಷೆ ಅಂತ ಯಾವನು ಕರೆದ?" ಎಂದು ಮಾವ ತುಟಿ ಕೊಂಕಿಸಿದ್ದರು. ಪಟ್ಟಿಯಲ್ಲಿ ಅದರ ಪಕ್ಕ ತೂಕ ಸೊನ್ನೆ ಎಂದು ಬರೆಸಿದರು.

೨೦೨೧ರ ಜನವರಿ ಇಪ್ಪತ್ತೈದು, ಸೋಮವಾರ. ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಗಿ ತೆರೆದರೆ ಹೊಸ್ತಿಲ ಮೇಲೆ ಒಂದು ಸ್ಟೀಲಿನ ಡಬ್ಬಿ, ಎರಡು ಮೀಟರು ಆಚೆ ಗೋಡೆಗೆ ಆತು ನಿಂತ ಫ್ಲೇವಿಯಾ. ಕೆಳಗಿನ ಮಹಡಿಯವಳು, ಶಿರ್ವದ ಕಡೆಯವಳು, ಹತ್ತಿರದ ಔಷಧಿ ಅಂಗಡಿಯಲ್ಲಿ ಕೆಲಸ. ಮಾಸ್ಕಿನ ಮೇಲಿದ್ದ ಕಣ್ಣು ಅತ್ತು ಕೆಂಪಾಗಿತ್ತು. ಅವಳ ಹಿಂದೆ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದವನು ತಮ್ಮ ರೋಯ್ಸ್ಟನ್. ಅವನು ನರ್ಸು. ಸ್ವೀಡನ್ನಿನಲ್ಲಿ ಓದಿ ಮುಗಿಸಿ, ಮೂರು ತಿಂಗಳಿಂದ ಅಕ್ಕನ ಸೋಫಾದ ಮೇಲೆ ಮಲಗಿಕೊಂಡು ಇಲ್ಲಿ ಕೆಲಸ ಹುಡುಕುತ್ತಿದ್ದ. ಸ್ಲೈಗೋ ಊರಾಚೆಯ ಒಂದು ವೃದ್ಧರ ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಅರ್ಧಕ್ಕರ್ಧ ಸಿಬ್ಬಂದಿಗೆ ಕೋವಿಡ್ ಬಂದು, ಇವನು ಯಾವಾಗ ಬರುತ್ತಾನೋ ಎಂದು ಕಾಯುತ್ತಿದ್ದರು. ಈಗ ಅದೇ ಕೆಲಸ ಕೈತಪ್ಪುವ ಹಾಗಾಗಿತ್ತು.

ಆದದ್ದೇನೆಂದರೆ ಇದು. ನಾಲ್ಕೂವರೆ ವರ್ಷದ ಹಿಂದೆ, ಸೆಪ್ಟೆಂಬರ್ ಏಳರಂದು, ಉಪ್ಸಾಲಾ ಊರಿನಲ್ಲಿ ಓದುತ್ತಿದ್ದ ರೋಯ್ಸ್ಟನ್ ಸೈಕಲ್ ಹತ್ತಿ ತೆನೆ ಹುಡುಕಲು ಹೊರಟ. ಮರುದಿನ ಮೊಂತಿ ಫೆಸ್ತ್, ಮಾತೆ ಮರಿಯಮ್ಮನ ಹುಟ್ಟಿದ ಹಬ್ಬ. ಕರಾವಳಿಯ ಕ್ರೈಸ್ತರು ಅವತ್ತು ಹೊಸ ತೆನೆಯನ್ನು ಇಗರ್ಜಿಯಲ್ಲಿ ಮಂತ್ರಿಸಿ ತಂದು, ಅದರ ಕಾಳು ಸುಲಿದು ಹಾಲಿಗೆ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಕುಡಿಯುತ್ತಾರೆ. ಉಪ್ಸಾಲಾದಲ್ಲಿ ಅವರು ಐದು ಮನೆ. ಹೊಲಗಳೆಲ್ಲ ಆಗಲೇ ಕಟಾವಾಗಿ ಬೋಳಾಗಿದ್ದವು. ಒಂದು ಕಡೆ ಮಾತ್ರ ಸಣ್ಣ ಸಣ್ಣ ಚೌಕಗಳಲ್ಲಿ ಬಾರ್ಲಿ ಇನ್ನೂ ನಿಂತಿತ್ತು. ಪ್ರತಿ ಚೌಕಕ್ಕೂ ಒಂದು ಕಡ್ಡಿ, ಕಡ್ಡಿಗೊಂದು ಚೀಟಿ. ಬಿಟ್ಟುಹೋದ ಬೆಳೆ ಎಂದುಕೊಂಡ. ಅವನ ಊರಿನಲ್ಲಿ ಹಬ್ಬದ ತೆನೆಗೆ ಯಾರನ್ನೂ ಯಾರೂ ಕೇಳುವುದಿಲ್ಲ. ಕೇಳಿದರೆ ಗದ್ದೆಯವನಿಗೇ ಬೇಜಾರು. ಆದರೂ ಒಂದೇ ಜಾಗದಲ್ಲಿ ಕೊಯ್ದರೆ ಅನ್ಯಾಯವಾದೀತೆಂದು ಧರ್ಮವಾಗಿ ಒಂದೊಂದು ಚೌಕದಿಂದಲೂ ಒಂದೊಂದು ಹಿಡಿ ತೆಗೆದುಕೊಂಡ. ಒಟ್ಟು ಇಪ್ಪತ್ತನಾಲ್ಕು ಹಿಡಿ.

ಅದು ವಿಶ್ವವಿದ್ಯಾಲಯದ ಪ್ರಯೋಗದ ಹೊಲ. ಒಂಬತ್ತು ವರ್ಷದಿಂದ ಯಾವ ಗೊಬ್ಬರಕ್ಕೆ ಎಷ್ಟು ಕಾಳು ಎಂದು ತೂಗುತ್ತಿದ್ದ ಹೊಲ. ಒಂದೇ ಚೌಕದಿಂದ ಕೊಯ್ದಿದ್ದರೆ ಒಂದು ಲೆಕ್ಕ ಹಾಳಾಗುತ್ತಿತ್ತು. ಇವನ ಧರ್ಮಬುದ್ಧಿಯಿಂದ ಇಪ್ಪತ್ತನಾಲ್ಕೂ ಹಾಳಾದವು. ಕೋರ್ಟಿನಲ್ಲಿ ಆ ವಿಜ್ಞಾನಿ ಅತ್ತರಂತೆ. ಇವನೂ ಅತ್ತನಂತೆ. ಆಸ್ತಿ ಹಾನಿಯ ಅಪರಾಧ ಸಾಬೀತಾಗಿ, ಷರತ್ತಿನ ಶಿಕ್ಷೆ ಮತ್ತು ಐವತ್ತು ದಿನದಂಡ ಆಯಿತು. ದಂಡ ಕಟ್ಟಿದ, ಎರಡು ವರ್ಷ ಹುಲ್ಲುಕಡ್ಡಿ ಮುಟ್ಟದೆ ಕಳೆದ.

ಈಗ ನರ್ಸಿಂಗ್ ಹೋಮಿನ ಅರ್ಜಿಯಲ್ಲಿ ಹಿಂದೆ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆಗೆ ಅವನು ಇದ್ದದ್ದನ್ನೇ ಬರೆದಿದ್ದ: ಆಗಿದೆ, ದಂಡ ಹಾಕಿ ಎಚ್ಚರಿಸಿ ಬಿಟ್ಟರು. ಜೊತೆಗೆ ಸ್ವೀಡಿಷ್ ಪೊಲೀಸರ ದಾಖಲೆಯನ್ನು ಅಗ್ಗಕ್ಕೆ ಸಿಕ್ಕ ಯಾವುದೋ ವೆಬ್‌ಸೈಟಿನಲ್ಲಿ ಅನುವಾದ ಮಾಡಿಸಿ ಲಗತ್ತಿಸಿದ್ದ. ಆ ಪುಣ್ಯಾತ್ಮರು ಎರಡು ಶಿಕ್ಷೆಯನ್ನೂ ಸೇರಿಸಿ ಒಂದೇ ಸಾಲು ಮಾಡಿದ್ದರು: ಸಸ್ಪೆಂಡೆಡ್ ಸೆಂಟೆನ್ಸ್, ಐವತ್ತು ದಿನ. ಐರ್ಲೆಂಡಿನಲ್ಲಿ ಇದನ್ನು ಓದಿದವರಿಗೆ ಬರುವ ಅರ್ಥ ಒಂದೇ. ಐವತ್ತು ದಿನ ಜೈಲು ವಿಧಿಸಿ ಅದನ್ನು ತೂಗುಹಾಕಿದ್ದಾರೆ. ಅರ್ಜಿಯಲ್ಲಿ ದಂಡ ಅಂತಾನೆ, ದಾಖಲೆಯಲ್ಲಿ ಜೈಲಿದೆ, ಅಂದರೆ ಇವನು ಸುಳ್ಳ. ಶುಕ್ರವಾರ ಮಧ್ಯಾಹ್ನದೊಳಗೆ ಸರಿಯಾದ ವಿವರಣೆ ಬರದಿದ್ದರೆ ಕೆಲಸ ಇನ್ನೊಬ್ಬರಿಗೆ ಎಂದು ಮ್ಯಾನೇಜರ್ ಪತ್ರ ಬರೆದಿದ್ದರು.

"ವೇದಕ್ಕ, ನೀವು ಒಂದು ಸಣ್ಣ ಶಬ್ದ ಹಾಕಿದ್ರೆ ಆಯ್ತಲ್ಲ," ಎಂದಳು ಫ್ಲೇವಿಯಾ. "ಬರೀ ವಾರ್ನಿಂಗ್ ಅಂತ ಬರೀರಿ. ಸ್ಲೈಗೋದಲ್ಲಿ ಸ್ವೀಡಿಷ್ ಯಾರಿಗೆ ಬರ್ತದೆ?"

ನಾನು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ಮಾವನವರ ದನಿ ಬಂತು. ದಾಖಲೆಯಲ್ಲಿ ಇದ್ದದ್ದು ಇದ್ದಂತೆಯೇ ಬರಬೇಕು, ಕಕ್ಷಿದಾರರ ಕೈಯಿಂದ ಎಲೆ ಅಡಿಕೆಯನ್ನೂ ಮುಟ್ಟಬಾರದು, ಆ ಡಬ್ಬಿಯನ್ನು ವಾಪಸು ಕೊಡು ಎಂದರು. ಫ್ಲೇವಿಯಾ ಡಬ್ಬಿ ತೆಗೆದುಕೊಳ್ಳದೆ ಇಳಿದುಹೋದಳು. ರೋಯ್ಸ್ಟನ್ ಮಾತ್ರ ಒಂದು ಕ್ಷಣ ಹಿಂದೆ ನಿಂತ.

"ಕೊಯ್ದದ್ದು ಹೌದು ಅಕ್ಕ. ಸುಳ್ಳು ಬೇಡ," ಎಂದ. "ಆದ್ರೆ ನಾನು ಸುಳ್ಳು ಬರೀಲಿಲ್ಲ ಅಂತ ಅವರಿಗೆ ಗೊತ್ತಾಗ್ಬೇಕು, ಅಷ್ಟೇ."

ಅವನು ಕಾಡಿ ಬೇಡಿದ್ದರೆ ನನಗೆ ಸಲೀಸಾಗುತ್ತಿತ್ತು, ಬೈದು ಕಳಿಸುತ್ತಿದ್ದೆ. ವಾರ್ನಿಂಗ್ ಎಂದು ಬರೆದುಬಿಡಲು ನನಗೆ ನಿಜವಾಗಿಯೂ ಆಸೆಯಾಯಿತು. ಅದನ್ನು ಮುಚ್ಚಿಟ್ಟು ದೊಡ್ಡವಳಾಗುವುದಿಲ್ಲ. ಒಂದು ಪದ, ಒಂದು ಮೊಹರು, ಸ್ಲೈಗೋದ ಮುದುಕರಿಗೊಬ್ಬ ಒಳ್ಳೆಯ ನರ್ಸು. ಆದರೆ ದಾಖಲೆಯಲ್ಲಿ ವಾರ್ನಿಂಗ್ ಎಂಬ ಪದ ಇರಲಿಲ್ಲ.

ಮಂಗಳವಾರವೆಲ್ಲ ಹೆಣಗಿದೆ. ಐವತ್ತು ದಿನದಂಡವನ್ನು ಬಿಡಿಸಿ ಬರೆಯುವುದು ಸುಲಭ, ಅದು ದಂಡ, ಜೈಲಲ್ಲ. ಆದರೆ ಷರತ್ತಿನ ಶಿಕ್ಷೆ? ಕಂಡಿಷನಲ್ ಸೆಂಟೆನ್ಸ್ ಎಂದು ಪದಕ್ಕೆ ಪದ ಹಾಕಿದರೆ ಸ್ಲೈಗೋದ ಮ್ಯಾನೇಜರ್ ಅದನ್ನೂ ಜೈಲೆಂದೇ ಓದುತ್ತಾರೆ. ಕೆಳಗೊಂದು ಟಿಪ್ಪಣಿ ಹಾಕಬಹುದು. ಏನೂ ಮಾಡದೆ ಮನೆಗೆ ಕಳಿಸಿದರು ಎಂದು ಹಾಕಲೇ? ಹಾಗಾದರೆ ಶಿಕ್ಷೆ ಯಾಕಾಯಿತು ಎನ್ನುತ್ತಾರೆ. ಮಾವನವರನ್ನು ಕೇಳಿದರೆ, ತೂಕ ಸೊನ್ನೆ ಎಂದು ಅವತ್ತೇ ಹೇಳಿದೆನಲ್ಲ ಎಂದರು. ನನಗೆ ರೇಗಿತು. ನಿಮ್ಮ ಸೊನ್ನೆಯನ್ನು ನಾನು ಇಂಗ್ಲಿಷಿನಲ್ಲಿ ಏನಂತ ಬರೆಯಲಿ ಎಂದು ಕೂಗಾಡಿ, ಲ್ಯಾಪ್‌ಟಾಪ್ ಮುಚ್ಚಿ, ಚಹಾಕ್ಕೆ ಹಾಲು ತೆಗೆಯಲು ಫ್ರಿಜ್ಜಿನ ಹತ್ತಿರ ಹೋದೆ. ಫ್ರಿಜ್ಜಿನ ಮೇಲೆ ಫ್ಲೇವಿಯಾಳ ಡಬ್ಬಿ ಇತ್ತು. ಎತ್ತಿದರೆ ಹಗುರವೆನ್ನಿಸಿತು.

ಒಳಗೆ ಕಡಲೆಮಿಠಾಯಿ. ಚೌಕ ಚೌಕವಾಗಿ ಕತ್ತರಿಸಿ ನಾಲ್ಕು ಸಾಲಿಗೆ ನಾಲ್ಕರಂತೆ ಹದಿನಾರು ಜೋಡಿಸಿದ್ದಳು. ಹನ್ನೊಂದಿದ್ದವು. ಗುರುಪ್ರಸಾದ ಬೆಳಿಗ್ಗೆಯಿಂದ ಮೀಟಿಂಗಿನಿಂದ ಎದ್ದಿರಲಿಲ್ಲ. ನಾನು ತಿರುಗಿ ಸೋಫಾದ ಕಡೆ ನೋಡಿದೆ. ಎಲೆ ಅಡಿಕೆಯನ್ನೂ ಮುಟ್ಟಬಾರದೆಂದ ನಿವೃತ್ತ ಶಿರಸ್ತೇದಾರರ ಬಿಳಿ ಮೀಸೆಯ ಮೇಲೆ ಒಂದು ಕಡಲೆಯ ಚೂರು ಕೂತಿತ್ತು. ಅದೂ ಮೂವತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಮನುಷ್ಯ.

ಸಾಕ್ಷಿ ವಿಚಾರಣೆಯ ಅಗತ್ಯ ಬೀಳಲಿಲ್ಲ. ಅವರೇ ಒಪ್ಪಿಕೊಂಡರು. ಎಂಟು ದಿನದಂಡ ಹಾಕು, ಪಿಂಚಣಿ ನೋಡಿಕೊಂಡು ಹಾಕು ಎಂದೂ ಕೇಳಿಕೊಂಡರು. ನನಗೆ ಆ ಹೊತ್ತಿನಲ್ಲಿ ಇದ್ದ ಕೋಪಕ್ಕೆ ಅವರು ಕೇಳಿದ್ದನ್ನು ಕೊಡುವ ಮನಸ್ಸಿರಲಿಲ್ಲ. ಫ್ರಿಜ್ಜಿನ ಬಾಗಿಲ ಮೇಲಿನ ಪಟ್ಟಿಯಲ್ಲಿ ಅವರು ಸೊನ್ನೆ ಕೊಟ್ಟ ಶಿಕ್ಷೆಯ ಮೇಲೆ ಬೆರಳಿಟ್ಟೆ.

"ವಿಲ್‌ಕೋರ್ಲಿಗ್ ದೊಮ್," ಎಂದೆ. "ಎರಡು ವರ್ಷ. ಡಬ್ಬಿ ಇಲ್ಲೇ ಮೇಜಿನ ಮೇಲೇ ಇರುತ್ತೆ. ನಾನು ಬಚ್ಚಿಡಲ್ಲ, ಎಣಿಸಲ್ಲ. ನೀವು ಇನ್ನು ಮುಟ್ಟಲ್ಲ ಅಂತ ನನಗೆ ಗೊತ್ತು."

ಮಾವ ನಕ್ಕರು. ಇಷ್ಟೇನಾ ಎಂದರು. ಡಬ್ಬಿಯ ಮುಚ್ಚಳಕ್ಕೆ ತಾವೇ ಒಂದು ಚೀಟಿ ಅಂಟಿಸಿ, ಅದರ ಮೇಲೆ ಮುದ್ದೆಮಾಲು ಎಂದೂ ಕೆಳಗೆ ಸಂಖ್ಯೆ ಹನ್ನೊಂದು ಎಂದೂ ದುಂಡಗೆ ಬರೆದರು. ಸಾಕ್ಷಿಗೆಂದು ಕೋರ್ಟಿನಲ್ಲಿ ಇಟ್ಟುಕೊಳ್ಳುವ ವಸ್ತುವಿಗೆ ಹಾಗೆನ್ನುತ್ತಾರಂತೆ. ತೀರ್ಪು ಪೂರ್ತಿ ಜಾರಿಯಾಗುವವರೆಗೆ ಮನೆಯಲ್ಲಿ ಬೇರೆ ಯಾರೂ ಅದನ್ನು ತೆರೆಯಕೂಡದು ಎಂದು ಆಜ್ಞೆಯನ್ನೂ ಹೊರಡಿಸಿದರು.

ಬುಧವಾರ ಬೆಳಿಗ್ಗೆ ಅವರ ನಗು ಸ್ವಲ್ಪ ಕಡಿಮೆಯಾಗಿತ್ತು. ನಾನು ಅಂಗಡಿಗೆ ಹೋಗಿ ಒಂದು ಗಂಟೆ ಬಿಟ್ಟು ಬಂದೆ. ಮಾವ ಸೋಫಾ ಬಿಟ್ಟು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಮೇಜಿಗೆ ಬೆನ್ನು ಮಾಡಿ ಕೂತಿದ್ದರು. ಸಂಜೆ ವಾಕಿಂಗ್ ಎಂದು ಹೋದವರು ಮಳೆ ಬಂದರೂ ಒಳಗೆ ಬರದೆ ಕಾರ್ ಪಾರ್ಕಿನಲ್ಲಿ ಸುತ್ತುತ್ತಿದ್ದರು. ಗುರುವಾರ ಬೆಳಿಗ್ಗೆ ನಾನಿನ್ನೂ ಕಾಫಿ ಬೆರೆಸುತ್ತಿರುವಾಗಲೇ ಬಂದು ನಿಂತು, ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬಾರದೇ ಎಂದು ಕೇಳಿದರು. ನಾನು ಆಗುವುದಿಲ್ಲವೆಂದೆ.

"ಬೀಗ ಹಾಕಿದ್ರೆ ಮುರೀಬಹುದಮ್ಮ," ಎಂದರು. ದನಿ ಸಣ್ಣಗಾಗಿತ್ತು. "ನೀನು ಬೈದಿದ್ರೆ ಬೈಗುಳದ ಜೊತೆ ಇನ್ನೊಂದು ತಿಂತಿದ್ದೆ. ಮುಟ್ಟಲ್ಲ ಅಂತ ಗೊತ್ತು ಅಂದುಬಿಟ್ಟೆಯಲ್ಲ. ಇನ್ನು ಹ್ಯಾಗೆ ಮುಟ್ಟೋದು? ನಂಬಿಬಿಟ್ರೆ ಮನುಷ್ಯನ ಕೈಕಾಲು ಕಟ್ಟಿಹಾಕಿದ ಹಾಗೇನೇ."

ನಾನು ಕಾಫಿ ಲೋಟವನ್ನು ಅಲ್ಲೇ ಇಟ್ಟು ಲ್ಯಾಪ್‌ಟಾಪ್ ತೆರೆದೆ. ಸ್ವೀಡಿಷ್ ದಂಡಸಂಹಿತೆಯ ಆ ಕಲಮನ್ನು ಎಷ್ಟೋ ಸಲ ಓದಿದ್ದೆ. ಕತ್ತಲೆಯಲ್ಲಿ ಕಲಿತ ಭಾಷೆ, ಪದ ನೋಡಿದ್ದೆನೇ ಹೊರತು ಸಾಲಿನೊಳಗೆ ಇಳಿದಿರಲಿಲ್ಲ. ಅಲ್ಲಿ ಕಪ್ಪು ಅಕ್ಷರದಲ್ಲಿ ಇತ್ತು: ಇವನು ಮತ್ತೆ ತಪ್ಪು ಮಾಡುತ್ತಾನೆಂದು ಹೆದರಲು ವಿಶೇಷ ಕಾರಣವಿಲ್ಲವೆಂದು ಕಂಡುಬಂದರೆ ಮಾತ್ರ ಈ ಶಿಕ್ಷೆ ಕೊಡಬಹುದು. ಅದನ್ನು ಮಾವನವರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಇನ್ನೊಮ್ಮೆ ಓದು ಎಂದರು. ಆಮೇಲೆ ಎದ್ದು ಹೋಗಿ ಪಟ್ಟಿಯಲ್ಲಿದ್ದ ಸೊನ್ನೆಯನ್ನು ಹೊಡೆದುಹಾಕಿದರು. ಅದರ ಜಾಗವನ್ನು ಖಾಲಿ ಬಿಟ್ಟು ಪೆನ್ನು ಮುಚ್ಚಿದರು.

ಅನುವಾದದಲ್ಲಿ ಕಂಡಿಷನಲ್ ಸೆಂಟೆನ್ಸ್ ಎಂದೇ ಬರೆದೆ. ಒಂದಕ್ಷರ ಹಗುರ ಮಾಡಲಿಲ್ಲ. ಕೆಳಗಿನ ಟಿಪ್ಪಣಿಯನ್ನು ಮಾತ್ರ ಮಾವ ಸೋಫಾದಿಂದ ಕೋರ್ಟಿನ ಕನ್ನಡದಲ್ಲಿ ಹೇಳುತ್ತಾ ಹೋದರು, ನಾನು ಇಂಗ್ಲಿಷಿಗೆ ಇಳಿಸುತ್ತಾ ಹೋದೆ. ಸದರಿ ಶಿಕ್ಷೆಯಲ್ಲಿ ಜೈಲಿನ ಅವಧಿಯೇ ಇರುವುದಿಲ್ಲ. ಸದರಿ ವ್ಯಕ್ತಿ ಮತ್ತೆ ತಪ್ಪು ಮಾಡುವವನಲ್ಲ ಎಂದು ನ್ಯಾಯಾಲಯ ಭಾವಿಸಿದಾಗ ಮಾತ್ರ ಇದನ್ನು ನೀಡಲಾಗುತ್ತದೆ. ಐವತ್ತು ಎಂಬುದು ದಂಡದ ಲೆಕ್ಕ, ಸೆರೆವಾಸದ ದಿನಗಳಲ್ಲ. ಸದರಿ ಸದರಿ ಎಂದು ಎಂಟು ಸಲ ಬಂದಿತ್ತು, ಆರನ್ನು ನಾನು ಕತ್ತರಿಸಿದೆ. ಆಮೇಲೆ ಮೊಹರು ಒತ್ತಿದೆ.

ಶುಕ್ರವಾರ ಹನ್ನೊಂದಕ್ಕೆ ವಿಡಿಯೋ ಕಾಲ್. ಅನುವಾದಕಿಯೂ ಇರಲಿ ಎಂದು ಮ್ಯಾನೇಜರ್ ಹೇಳಿದ್ದರಿಂದ ನಾನು ಮೇಜಿನ ಮುಂದೆ ಕೂತೆ. ಪರದೆಯ ಒಂದು ಚೌಕದಲ್ಲಿ ಕೆಳಗಿನ ಮಹಡಿಯ ರೋಯ್ಸ್ಟನ್, ಟೈ ಕಟ್ಟಿಕೊಂಡು. ಇನ್ನೊಂದರಲ್ಲಿ ಬ್ರೀಜ್ ಫೀನಿ ಎಂಬ ಅರವತ್ತರ ಆಸುಪಾಸಿನ ಹೆಂಗಸು. ವಾರಗಟ್ಟಲೆ ನಿದ್ದೆಯಿಲ್ಲದ ಮುಖ, ಮಾಸ್ಕಿನ ದಾರ ಒತ್ತಿ ಕೆಂಪಾದ ಕಿವಿ. ಮಾತಾಡುತ್ತಿರುವಾಗಲೂ ಕ್ಯಾಮೆರಾದ ಕೆಳಗೆ ಅವರ ಕೈಗಳು ಏನೋ ಮಾಡುತ್ತಲೇ ಇದ್ದವು. ಟಿಪ್ಪಣಿಯನ್ನು ಗಟ್ಟಿಯಾಗಿ ಓದಿಕೊಂಡರು. ಈ ಐವತ್ತರಲ್ಲಿ ಒಂದು ದಿನವಾದರೂ ಇವನು ಒಳಗಿದ್ದನೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಅರ್ಜಿಯಲ್ಲಿ ಬರೆದದ್ದು ನಿಜ ಎಂದು ಹಾಳೆ ಪಕ್ಕಕ್ಕಿಟ್ಟರು.

ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ತೆನೆ ಯಾಕೆ ಬೇಕಿತ್ತು ಎಂದು ಕೇಳಿ, ಅವನು ಹಬ್ಬದ ವಿಷಯ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, ನೀನು ಮತ್ತೆ ಹೀಗೆ ಮಾಡುವುದಿಲ್ಲ ಎಂದು ಆ ಕೋರ್ಟು ನಂಬಿತು, ನಾನೂ ನಂಬಬಹುದೇ ಎಂದರು. ಮಾಡುವುದಿಲ್ಲ ಮೇಡಂ ಎಂದರೆ ಮುಗಿಯುತ್ತಿತ್ತು. ರೋಯ್ಸ್ಟನ್ ಯೋಚಿಸಿದ. ಸೆಪ್ಟೆಂಬರ್ ಬಂದರೆ ತೆನೆ ಬೇಕೇ ಬೇಕಾಗುತ್ತದೆ, ಕೊಯ್ಯುವುದಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ, ಕೇಳದೆ ಕೊಯ್ಯುವುದಿಲ್ಲ ಎಂದು ಮಾತ್ರ ಹೇಳಬಲ್ಲೆ ಎಂದ. ಅವನ ಚೌಕದ ಅಂಚಿನಲ್ಲಿ ಫ್ಲೇವಿಯಾ ಹಣೆ ಬಡಿದುಕೊಂಡದ್ದು ಕಂಡಿತು. ನನ್ನ ಹಿಂದೆ ಸೋಫಾ ಕಿರುಗುಟ್ಟಿತು. ಇಂಥ ಸತ್ಯಸಂಧನನ್ನು ಕಟ್ಟಿಕೊಂಡು ಯಾರು ಉದ್ಧಾರವಾಗುತ್ತಾರೆ ಎಂದು ನಾನು ಮನಸ್ಸಿನಲ್ಲೇ ಶಾಪ ಹಾಕಿದೆ.

ಬ್ರೀಜ್ ಫೀನಿ ಕೈಯಲ್ಲಿದ್ದುದನ್ನು ಮೇಲಕ್ಕೆತ್ತಿ ತೋರಿಸಿದರು. ಹಸಿರು ಜೊಂಡಿನಲ್ಲಿ ಹೆಣೆದ ಒಂದು ಶಿಲುಬೆ. ಸೋಮವಾರ ಫೆಬ್ರವರಿ ಒಂದು, ಸಂತ ಬ್ರಿಜಿಡಳ ದಿನ. ಅವತ್ತು ಇಲ್ಲಿನವರು ಜೊಂಡಿನ ಶಿಲುಬೆಯನ್ನು ಬಾಗಿಲ ಮೇಲೆ ಸಿಕ್ಕಿಸುತ್ತಾರೆ. ಹೊರಗಿನವರು ಯಾರೂ ಬರುವಂತಿಲ್ಲವಲ್ಲ, ಮುದುಕರ ಕೋಣೆಗೊಂದರಂತೆ ಮೂವತ್ತೆರಡನ್ನು ತಾವೇ ಹೆಣೆಯುತ್ತಿದ್ದರಂತೆ.

"ಈ ಜೊಂಡು ನಂದಲ್ಲ," ಎಂದರು. "ಪಕ್ಕದ ಜಮೀನಿನವನದು. ಐವತ್ತು ವರ್ಷದಿಂದ ಕೊಯ್ತಾ ಇದೀನಿ, ಒಂದು ದಿನಾನೂ ಕೇಳಿದವಳಲ್ಲ. ನೀನು ಕೇಳ್ತೀನಿ ಅಂತೀಯ."

ಇನ್ನೂ ಹತ್ತೊಂಬತ್ತು ಹೆಣೆಯುವುದಿದೆ, ಭಾನುವಾರದ ರೈಲಿಗೆ ಬಂದರೆ ಕಲಿಸಿಕೊಡುತ್ತೇನೆ ಎಂದರು. ಎಲ್ಲ ಸರಿ ಎನ್ನುವುದಕ್ಕೆ ಇಲ್ಲಿನವರು ಹೇಳುವ ಹಾಗೆ ಗ್ರ್ಯಾಂಡ್ ಎಂದರು, ಕಾಲ್ ಕಟ್ಟಾಯಿತು. ಕೆಳಗಿನ ಮಹಡಿಯಿಂದ ಫ್ಲೇವಿಯಾ ಅಳುವ ಸದ್ದು ನೆಲ ದಾಟಿ ಬಂತು. ನಾನೂ ಅತ್ತೆ. ಕೋಪ ಬಂದಷ್ಟೇ ಸುಲಭವಾಗಿ ನನಗೆ ಅಳುವೂ ಬರುತ್ತದೆ.

ಸೆಪ್ಟೆಂಬರಿನ ಹೊತ್ತಿಗೆ ಎಲ್ಲರಿಗೂ ಎರಡೆರಡು ಚುಚ್ಚುಮದ್ದಾಗಿತ್ತು, ಒಬ್ಬರ ಮನೆಗೊಬ್ಬರು ಹೋಗಬಹುದಿತ್ತು. ಮಾವನವರಿಗೆ ಅಕ್ಟೋಬರಿನ ಟಿಕೆಟ್ಟು ಆಗಿತ್ತು. ಮೊಂತಿ ಫೆಸ್ತಿನ ಬುಧವಾರ ಮಧ್ಯಾಹ್ನ ಫ್ಲೇವಿಯಾ ಮೊದಲ ಸಲ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. ಕೈಯಲ್ಲಿ ಹಾಲಿನ ಪಾತ್ರೆ, ಏಳು ಬಗೆಯ ತರಕಾರಿಯ ಅಡುಗೆ. ಹಿಂದೆ ಸ್ಲೈಗೋದಿಂದ ರಜೆ ಹಾಕಿ ಬಂದ ರೋಯ್ಸ್ಟನ್. ಹಳದಿ ರಿಬ್ಬನ್ ಕಟ್ಟಿದ ಓಟ್ಸ್ ತೆನೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಬಂದವನೇ ಮೊದಲು ಮಾವನವರ ಕೈಗೆ ಒಂದು ಕಾಗದ ಕೊಟ್ಟ. ಹೊಲದವನ ಪತ್ರ. ಈ ಹುಡುಗ ಏಳು ತೆನೆ ಕೇಳಿದ, ತಗೋ ಎಂದೆ, ಅದನ್ನು ಬರೆದು ಕೊಡಿ ಎಂದು ಮತ್ತೆ ಕೇಳಿದ, ಆದ್ದರಿಂದ ಬರೆದಿದ್ದೇನೆ ಎಂದಿತ್ತು. ಕೆಳಗೆ ಸಹಿ, ತಾರೀಕು.

ಮಾವ ಕನ್ನಡಕ ಹಾಕಿಕೊಂಡು ಪತ್ರ ಓದಿದರು, ತಿರುಗಿಸಿ ಹಿಂಬದಿ ನೋಡಿದರು, ತೆನೆ ಎಣಿಸಿದರು. ಏಳಿತ್ತು. ಅವರಿಗೆ ಹುರುಪು ಬಂತು. ತಮ್ಮ ಶಿಕ್ಷೆಯಲ್ಲೂ ಸುಮಾರು ಮೂರನೇ ಒಂದು ಪಾಲು ಕಳೆದಿದೆ, ಊರಿಗೆ ಹೋಗುವ ಮೊದಲು ಎಲ್ಲರೆದುರಿಗೆ ತಪಾಸಣೆ ಆಗಿಬಿಡಲಿ ಎಂದು, ಏಳು ತಿಂಗಳಿಂದ ಮೇಜಿನ ಮೂಲೆಯಲ್ಲಿ ಧೂಳು ಹಿಡಿದಿದ್ದ ಮುದ್ದೆಮಾಲಿನ ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು. ನಾನು ಬೇಡವೆಂದೆ, ಎಣಿಸುವುದಿಲ್ಲ ಎಂದು ಅವತ್ತೇ ಹೇಳಿದ್ದೆ ಎಂದೆ. ಅವರು ಕೇಳಲಿಲ್ಲ. ಮುಚ್ಚಳ ತೆಗೆದು ತಾವೇ ಬೆರಳಿಟ್ಟು ಗಟ್ಟಿಯಾಗಿ ಎಣಿಸಿದರು.

ಒಂಬತ್ತಕ್ಕೆ ನಿಂತಿತು.

ಇನ್ನೊಮ್ಮೆ ಎಣಿಸಿದರು. ಒಂಬತ್ತೇ. ಮಾವನವರ ಮುಖದ ಬಣ್ಣ ಇಳಿದುಹೋಯಿತು. ಮುಚ್ಚಳದ ಮೇಲೆ ಅವರದೇ ಕೈಬರಹದಲ್ಲಿ ಹನ್ನೊಂದು ಎಂದಿತ್ತು. ಅವರ ಕೈ ಆ ಚೀಟಿಯ ಮೇಲೇ ನಿಂತುಬಿಟ್ಟಿತು. ಜನವರಿಯಲ್ಲಿ ನಮ್ಮ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ ರೋಯ್ಸ್ಟನ್ನನ ಮುಖ ಹೇಗಿತ್ತೋ ಹಾಗೇ ಇತ್ತು ಅವರದು.

"ನಾನು ಮುಟ್ಟಿಲ್ಲಮ್ಮ," ಎಂದರು.

"ಗೊತ್ತು ಮಾವ," ಎಂದೆ. ಅದನ್ನು ಹೇಳಲು ನನಗೆ ಯೋಚನೆ ಬೇಕಾಗಿರಲಿಲ್ಲ.

ಅವರು ನನ್ನನ್ನು ನೋಡಿದರು. ಕಣ್ಣು ತುಂಬಿ ಬಂದಿತ್ತು. ಏನೋ ಹೇಳಲು ಹೊರಟರು, ಅಷ್ಟರಲ್ಲಿ ಕೋಣೆಯ ಬಾಗಿಲಲ್ಲಿ ಯಾರೋ ಕೆಮ್ಮಿದರು. ಗುರುಪ್ರಸಾದ. ಕೊರಳಲ್ಲಿ ಹೆಡ್‌ಫೋನು, ದೃಷ್ಟಿ ಚಾವಣಿಯ ಮೇಲೆ. ಫೆಬ್ರವರಿಯಲ್ಲಿ ಒಂದು ಮೀಟಿಂಗ್ ಬಹಳ ಉದ್ದವಾಯಿತು, ಆಗ ಒಂದು, ಮಾರ್ಚಿನಲ್ಲಿ ಇನ್ನೊಂದು ಎಂದು ಗೊಣಗಿದ. ಅಪ್ಪನಿಗೆ ಬೇಕಾದರೆ ತನಗೂ ಅದೇ ಷರತ್ತಿನ ಶಿಕ್ಷೆ ಕೊಡಲಿ, ಎರಡು ವರ್ಷ ಸರಿಯಾಗಿರುತ್ತೇನೆ ಎಂದೂ ಸೇರಿಸಿದ.

ಮಾವ ಕಣ್ಣೊರೆಸಿಕೊಂಡರು. ಮಗನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಕೈಯಲ್ಲಿ ಚಮಚ ಹಿಡಿದಿದ್ದ ಫ್ಲೇವಿಯಾ, ತೆನೆ ಹಿಡಿದಿದ್ದ ರೋಯ್ಸ್ಟನ್, ನಾನು, ಎಲ್ಲರೂ ತೀರ್ಪಿಗೆ ಕಾದೆವು.

"ಇವನಿಗೆ ಅದನ್ನ ಕೊಡೋ ಹಾಗಿಲ್ಲ," ಎಂದರು. "ಮತ್ತೆ ತಿಂತಾನೆ. ಹತ್ತು ದಿನದಂಡ ಬರ್ಕೊಳಮ್ಮ, ಪಾತ್ರೆ ಇವತ್ತಿಂದಲೇ ಶುರು."